ಓಡಿ ಬಂದವರ ಕಾಡು

ಗುಲಾಮಗಿರಿಯ ವಿರುದ್ಧ ನಮ್ಮ ಉತ್ತರ ಕನ್ನಡ ಸೀಮೆಯಲ್ಲಿ ಮೊದಲು ಹೋರಾಡಿದ್ದು ಕಾಲುಗಳು. ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದ ಆಫ್ರಿಕದ ಜನರಲ್ಲಿ ಎಷ್ಟೋ ಮಂದಿ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಶಿರಸಿ, ಅಂಕೋಲೆಯ ಕಾಡು ಸೇರಿದರು. ಇಂದಿನ ಸಿದ್ದಿಗಳಲ್ಲಿ ಬಹುಮಂದಿ ಅವರ ಸಂತತಿ. ಅವರನ್ನು ಯಾವ ಕಾಯ್ದೆಯೂ ಬಿಡಿಸಿದ್ದಲ್ಲ. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತೆಂದು ಸಾರಿದ್ದು 1869ರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಓಡಿಬಂದವರ ಮೊಮ್ಮಕ್ಕಳಿಗೂ ಮಕ್ಕಳಾಗಿದ್ದವು.

*

ಹೈದರಾಲಿಯ ದಂಡು ಶಿರಸಿ ಬಳಿಯ ಸೋದೆಯ ಮೇಲೆ ಬಂದಾಗ ಅಲ್ಲಿಯ ಅರಸ 1764ರ ಸುಮಾರಿಗೆ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅದೇ ಗೋವೆಯಿಂದ ಗುಲಾಮರು ಸೋದೆ ಸೀಮೆಯ ಕಾಡಿಗೆ ಓಡಿಬರುತ್ತಿದ್ದರು. ಅರಸನ ಪಲಾಯನಕ್ಕೆ ಇಸವಿ ಇದೆ, ಹೆಸರಿದೆ, ದಾಖಲೆ ಇದೆ. ಗುಲಾಮನ ಪಲಾಯನಕ್ಕೆ ಅವನ ಮಕ್ಕಳ ಮೈಬಣ್ಣವೊಂದೇ ದಾಖಲೆ. ನಾವು ಶಾಲೆಯಲ್ಲಿ ಓದಿದ್ದು ಅರಸನ ಕತೆ.

*

ಓಡಿಹೋಗುವುದನ್ನು ಹೇಡಿತನ ಎನ್ನುವವನು ಒಮ್ಮೆ ಮಳೆಗಾಲದಲ್ಲಿ ಅಣಶಿ ಘಟ್ಟವನ್ನು ಬರಿಗಾಲಲ್ಲಿ ಹತ್ತಿ ನೋಡಲಿ. ಭಾಷೆ ತಿಳಿಯದು, ದಾರಿ ತಿಳಿಯದು, ಹಿಂದೆ ಹುಡುಕಿಕೊಂಡು ಬರುವವರಿದ್ದಾರೆ.

*

ಅಮೆರಿಕದಲ್ಲಿ ಓಡಿಹೋದ ಗುಲಾಮನಿಗೆ ಉತ್ತರದ ರಾಜ್ಯಗಳೂ ಕ್ಷೇಮವಾಗಿರಲಿಲ್ಲ. 1850ರ ಕಾಯ್ದೆಯ ಪ್ರಕಾರ ಅವನನ್ನು ಹಿಡಿದುಕೊಡುವುದು ಸ್ವತಂತ್ರ ರಾಜ್ಯದ ಪ್ರಜೆಗಳ ಕರ್ತವ್ಯವೂ ಆಯಿತು. ಆಶ್ರಯ ಕೊಟ್ಟವನಿಗೆ ದಂಡ, ಜೈಲು. ಅಲ್ಲಿಯವರೆಗೆ ಗುಲಾಮಗಿರಿ ದಕ್ಷಿಣದವರ ವಿಷಯ, ನಮಗೇಕೆ ಎಂದುಕೊಂಡಿದ್ದ ಬಾಸ್ಟನ್ನಿನ ವ್ಯಾಪಾರಿ ತನ್ನ ಬೀದಿಯಲ್ಲೇ ಒಬ್ಬ ಮನುಷ್ಯನಿಗೆ ಸಂಕೋಲೆ ಹಾಕಿ ಎಳೆದೊಯ್ಯುವುದನ್ನು ಕಂಡ. ಅಂತರ್ಯುದ್ಧದ ದಾರಿಗೆ ಆ ಕಾಯ್ದೆ ದೊಡ್ಡ ಮೈಲಿಗಲ್ಲು. ಅನ್ಯಾಯ ದೂರವಿದ್ದಾಗ ಎಲ್ಲರೂ ಶಾಂತಿಪ್ರಿಯರು.

*

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ 1801ರಲ್ಲಿ ನಮ್ಮ ಸೀಮೆಯಲ್ಲಿ ಸುತ್ತಿದ. ಅಡಿಕೆ, ಮೆಣಸು, ಏಲಕ್ಕಿ ತೋಟಗಳ ಬಗ್ಗೆ ಅವನು ಬರೆದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೊಲ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಬಗ್ಗೆಯೂ ಅವನು ಅದೇ ಪುಸ್ತಕದಲ್ಲಿ ಬರೆದಿದ್ದಾನೆ. ಆ ಪುಟಗಳ ಸುದ್ದಿ ನಮ್ಮ ಸಭೆಗಳಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಈ ಗುಲಾಮರು ಆಫ್ರಿಕದಿಂದ ಬಂದವರಲ್ಲ, ಇದೇ ಮಣ್ಣಿನವರು. ಸಿದ್ದಿಗಳ ಮೈಬಣ್ಣ ಕಂಡಾಗ ನಮಗೆ ಗುಲಾಮಗಿರಿ ನೆನಪಾಗುತ್ತದೆ, ಅದು ಪರದೇಶದವರು ಮಾಡಿದ ಪಾಪ ಎಂಬ ಸಮಾಧಾನವೂ ಆಗುತ್ತದೆ. ನಮ್ಮ ಕೇರಿಯವನನ್ನು ಕಂಡಾಗ ಮಾತ್ರ ಏನೂ ನೆನಪಾಗುವುದಿಲ್ಲ.

*

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡಿತು. ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಆ ಕಾಯ್ದೆಯಿಂದ ಹೊರಗಿಟ್ಟರು. ಆಗ ಕೆನರಾ ಜಿಲ್ಲೆ ಮದರಾಸಿನ ಕೆಳಗಿತ್ತು, ಅಂದರೆ ನಾವು ಹೊರಗುಳಿದವರ ಪಟ್ಟಿಯಲ್ಲಿದ್ದೆವು.

*

ಹತ್ತು ವರ್ಷ ಬಿಟ್ಟು, 1843ರ 5ನೇ ಕಾಯ್ದೆ ಬಂತು. ಅದು ಚಿಕ್ಕ ಕಾಯ್ದೆ, ನಾಲ್ಕೇ ಕಲಮು. ಬಾಕಿ ವಸೂಲಿಗಾಗಿ ಸರ್ಕಾರಿ ಅಧಿಕಾರಿ ಮನುಷ್ಯನನ್ನು ಹರಾಜು ಹಾಕಬಾರದು. ಗುಲಾಮನ ಮೇಲೆ ಹಕ್ಕಿದೆ ಎಂದು ಯಾರಾದರೂ ದಾವೆ ಹೂಡಿದರೆ ಕೋರ್ಟು ಅದನ್ನು ನಡೆಸಿಕೊಡಬಾರದು. ಗುಲಾಮನೆಂಬ ಕಾರಣಕ್ಕೆ ಅವನ ಆಸ್ತಿ ಕಸಿಯಬಾರದು. ಸ್ವತಂತ್ರ ಮನುಷ್ಯನಿಗೆ ಮಾಡಿದರೆ ಅಪರಾಧವಾಗುವಂಥದ್ದು ಗುಲಾಮನಿಗೆ ಮಾಡಿದರೂ ಅಪರಾಧವೇ. ಮೊದಲ ಕಲಮನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಅದುವರೆಗೆ ಸರ್ಕಾರವೇ ಕಂದಾಯದ ಬಾಕಿಗೆ ಎತ್ತಿನ ಜೊತೆ ಆಳನ್ನೂ ಹರಾಜಿಗಿಡಬಹುದಾಗಿತ್ತು ಎಂದಾಯಿತಲ್ಲ!

ನೀವಿನ್ನು ಸ್ವತಂತ್ರರು ಎಂಬ ಮಾತು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕೇರಿ ಕೇರಿಗೆ ಹೋಗಿ ಹೇಳಬೇಕೆಂಬ ಆಜ್ಞೆಯೂ ಇಲ್ಲ. ಗುಲಾಮನ ಕಿವಿಗೆ ಬೀಳದ ಹಾಗೆ ಗುಲಾಮಗಿರಿ ಹೋಯಿತು. ಗುಲಾಮರನ್ನಿಟ್ಟುಕೊಳ್ಳುವುದನ್ನೇ, ಮಾರುವುದನ್ನೇ ಶಿಕ್ಷೆಯಾಗುವ ಅಪರಾಧ ಎಂದು ದಂಡಸಂಹಿತೆ ಹೇಳಿ, ಅದು ಜಾರಿಗೆ ಬರಲು 1862ರ ಜನವರಿ 1ರವರೆಗೆ ಕಾಯಬೇಕಾಯಿತು.

*

ಅಮೆರಿಕದ ಹಾಗೆ ಇಲ್ಲಿ ಯುದ್ಧವಾಗಲಿಲ್ಲ, ಏಕೆಂದರೆ ಒಡೆಯ ಏನನ್ನೂ ಕಳೆದುಕೊಳ್ಳಲಿಲ್ಲ. ಗುಲಾಮ ಹೋದ, ಅದೇ ಮನುಷ್ಯ ಸಾಲಗಾರನಾಗಿ ಅದೇ ಅಂಗಳಕ್ಕೆ ಬಂದ.

*

ಅಮೆರಿಕದ ದಕ್ಷಿಣದಲ್ಲಿ 1860ರ ಹೊತ್ತಿಗೆ ಸುಮಾರು 40 ಲಕ್ಷ ಗುಲಾಮರಿದ್ದರು. ಬ್ರಿಟನ್ನಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅವರು ಬಿಡಿಸಿದ್ದು. ಅಷ್ಟು ದೊಡ್ಡ ಗಂಟನ್ನು ಒಡೆಯರು ಉಪದೇಶ ಕೇಳಿ ಬಿಟ್ಟುಕೊಡಲಿಲ್ಲ. ಗ್ಯಾರಿಸನ್ ಎಂಬ ಪತ್ರಕರ್ತ 1831ರಿಂದ ವಾರವಾರವೂ ಗುಲಾಮಗಿರಿಯ ವಿರುದ್ಧ ಪತ್ರಿಕೆ ಹೊರಡಿಸಿದ. ಹಿಂಸೆ ಬೇಡ, ಮನಸ್ಸು ಕರಗಿಸೋಣ ಎಂಬುದು ಅವನ ನಂಬಿಕೆ. ದಕ್ಷಿಣದವರು ಅವನ ತಲೆಗೆ ಬಹುಮಾನ ಕಟ್ಟಿದರು. ಮನಸ್ಸು ಕರಗಿಸುತ್ತೇನೆಂದವನಿಗೇ ಹೀಗಾದರೆ ಬಂದೂಕು ಹಿಡಿಯುವವನು ಹುಟ್ಟುವುದು ತಡವಾಗುವುದಿಲ್ಲ.

*

ಜಾನ್ ಬ್ರೌನ್ ಎಂಬ ಬಿಳಿಯ 1859ರ ಅಕ್ಟೋಬರ್ 16ರ ರಾತ್ರಿ 21 ಜನರನ್ನು ಕಟ್ಟಿಕೊಂಡು ವರ್ಜೀನಿಯದ ಹಾರ್ಪರ್ಸ್ ಫೆರಿಯಲ್ಲಿದ್ದ ಸರ್ಕಾರಿ ಆಯುಧಶಾಲೆಗೆ ನುಗ್ಗಿದ. ಆ 21ರಲ್ಲಿ ಐವರು ಕಪ್ಪುಜನ. ಆಯುಧ ಹಂಚಿದರೆ ಸುತ್ತಲಿನ ಗುಲಾಮರು ಏಳುತ್ತಾರೆ ಎಂದು ಅವನ ಎಣಿಕೆ. ಏಳಲಿಲ್ಲ. ಎರಡು ದಿನದೊಳಗೆ ಎಲ್ಲ ಮುಗಿಯಿತು. ಅವನ ಇಬ್ಬರು ಗಂಡುಮಕ್ಕಳು ಅಲ್ಲೇ ಸತ್ತರು. ಡಿಸೆಂಬರ್ 2ಕ್ಕೆ ಅವನನ್ನು ನೇಣಿಗೆ ಹಾಕಿದರು. ಈ ನೆಲದ ಪಾಪ ರಕ್ತವಿಲ್ಲದೆ ತೊಳೆದುಹೋಗದು ಎಂಬರ್ಥದ ಚೀಟಿಯೊಂದನ್ನು ಅವನು ಆ ಬೆಳಿಗ್ಗೆ ಬರೆದುಕೊಟ್ಟಿದ್ದ. ಹದಿನಾರು ತಿಂಗಳಲ್ಲಿ ಯುದ್ಧ ಶುರುವಾಯಿತು.

ಅವನೊಂದಿಗೆ ಡೇಂಜರ್‌ಫೀಲ್ಡ್ ನ್ಯೂಬಿ ಎಂಬವನಿದ್ದ. ತಾನು ಬಿಡುಗಡೆ ಪಡೆದಿದ್ದ, ಹೆಂಡತಿ ಮಕ್ಕಳು ಇನ್ನೂ ವರ್ಜೀನಿಯದಲ್ಲಿ ಗುಲಾಮರು. ತನ್ನನ್ನು ಮಾರಿಬಿಡುವ ಮೊದಲು ಬಂದು ಬಿಡಿಸಿಕೊಂಡು ಹೋಗೆಂದು ಹೆಂಡತಿ ಬರೆದ ಪತ್ರಗಳನ್ನು ಅವನು ಬಳಿಯಲ್ಲಿಟ್ಟುಕೊಂಡಿದ್ದ. ದಾಳಿಯವರಲ್ಲಿ ಮೊದಲು ಸತ್ತವನು ಅವನೇ. ಬ್ರೌನ್ ಮತಾಂಧನೋ ಸಂತನೋ ಎಂದು ನೂರೈವತ್ತು ವರ್ಷಗಳಿಂದ ಪುಸ್ತಕಗಳು ಬರುತ್ತಿವೆ. ನ್ಯೂಬಿಯ ಬಗ್ಗೆ ಆ ಚರ್ಚೆ ಬೇಕಿಲ್ಲ. ಹೆಂಡತಿಯನ್ನು ಮಾರಾಟದಿಂದ ಬಿಡಿಸಲು ಹೋದವನನ್ನು ಉಗ್ರವಾದಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

*

ಹಾರ್ಪರ್ಸ್ ಫೆರಿಯಲ್ಲಿ ಬ್ರೌನನ ಜನರ ಗುಂಡಿಗೆ ಮೊದಲು ಬಲಿಯಾದವನು ಹೇವರ್ಡ್ ಶೆಫರ್ಡ್, ರೈಲು ನಿಲ್ದಾಣದಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದ ಸ್ವತಂತ್ರ ಕಪ್ಪು ಮನುಷ್ಯ. ಅದಕ್ಕೂ ಮೂರು ವರ್ಷ ಮೊದಲು, 1856ರ ಮೇ ತಿಂಗಳಲ್ಲಿ, ಕಾನ್ಸಾಸಿನಲ್ಲಿ ಬ್ರೌನನ ತಂಡ ಐವರನ್ನು ರಾತ್ರಿ ಮನೆಯಿಂದ ಎಳೆದು ಕತ್ತಿಯಿಂದ ಕಡಿದಿತ್ತು. ಅವರು ಗುಲಾಮಗಿರಿಯ ಪಕ್ಷದವರು ನಿಜ, ಆದರೆ ಯಾರೂ ಗುಲಾಮರನ್ನಿಟ್ಟುಕೊಂಡವರಲ್ಲ. ಸಿಟ್ಟು ನ್ಯಾಯವಾದದ್ದೇ ಆದರೂ ಕತ್ತಲಲ್ಲಿ ಅದಕ್ಕೆ ಮುಖ ಕಾಣುವುದಿಲ್ಲ.

*

ಫ್ರೆಡರಿಕ್ ಡಗ್ಲಾಸ್ ಸ್ವತಃ ಗುಲಾಮಗಿರಿಯಿಂದ ಓಡಿಬಂದವನು. ಬ್ರೌನ್ ಅವನನ್ನು ಒಂದು ಕಲ್ಲುಕ್ವಾರಿಯಲ್ಲಿ ಗುಟ್ಟಾಗಿ ಕಂಡು ಜೊತೆಗೆ ಬಾ ಎಂದು ಕರೆದ. ಡಗ್ಲಾಸ್ ಹೋಗಲಿಲ್ಲ, ಅದು ಉಕ್ಕಿನ ಬೋನು, ಒಳಹೊಕ್ಕರೆ ಹೊರಬರಲಾರಿರಿ ಎಂದು ಎಚ್ಚರಿಸಿದ. ಮುಂದೆ ಬದುಕಿರುವವರೆಗೂ ಬ್ರೌನನನ್ನು ಗೌರವದಿಂದಲೇ ನೆನೆದ. ದಾರಿ ಒಪ್ಪದೆಯೂ ಸಂಕಟವನ್ನು ಒಪ್ಪಬಹುದು. ನಮ್ಮಲ್ಲಿ ಇದು ಅಪರೂಪ. ಹೋರಾಟಗಾರನ ಒಂದು ತಪ್ಪು ಸಿಕ್ಕರೆ ಸಾಕು, ಅವನು ಎತ್ತಿದ ಪ್ರಶ್ನೆಯನ್ನೂ ಅದರ ಜೊತೆ ಹೂತುಬಿಡುತ್ತೇವೆ.

*

ಅದೇ 1859ರಲ್ಲಿ ನಮ್ಮ ಕಾಡಿನಲ್ಲಿಯೂ ಬಂದೂಕಿನ ಸದ್ದಿತ್ತು. ಸಾವಂತವಾಡಿ, ಗೋವೆ, ಸೂಪಾ ಗಡಿಯಲ್ಲಿ 1858-59ರಲ್ಲಿ ಇಂಗ್ಲಿಷರ ವಿರುದ್ಧ ನಡೆದ ಬಂಡಾಯದ ಮುಂದಾಳುಗಳಲ್ಲಿ ಫಡ್ನೀಸ ಮನೆತನದವರ ಜೊತೆ ಸಿದ್ದಿ ಬಾಸ್ತಿಯನ್ ಎಂಬವನೂ ಇದ್ದ. 1859ರಲ್ಲಿ ಅವನು ಹತನಾದ. ಅವನು ಗುಲಾಮಗಿರಿಯ ವಿರುದ್ಧ ಕಾದಿದ ಎಂದು ಬಣ್ಣ ಕಟ್ಟುವುದು ಸರಿಯಲ್ಲ, ಅದು ಇಂಗ್ಲಿಷ್ ಆಳ್ವಿಕೆಯ ವಿರುದ್ಧದ ದಂಗೆ. ಆದರೆ ಒಡೆಯರಿಂದ ತಪ್ಪಿಸಿಕೊಂಡು ಬಂದ ಜನರ ಕುಲದವನೊಬ್ಬ ಈ ನೆಲಕ್ಕಾಗಿ ಪ್ರಾಣ ಕೊಟ್ಟ ಎಂಬುದು ಚಿಕ್ಕ ಮಾತಲ್ಲ. ಬ್ರೌನನ ಹೆಸರಿನಲ್ಲಿ ಅಮೆರಿಕದ ಸೈನಿಕರು ಹಾಡುತ್ತಾ ಯುದ್ಧಕ್ಕೆ ನಡೆದರು. ಬಾಸ್ತಿಯನ್ನನ ಹೆಸರು ಗೆಜೆಟಿಯರಿನ ಪುಟದಲ್ಲಿದೆ. ಹಳೆಯ ಸೂಪಾ ಪಟ್ಟಣ ಕಾಳಿ ಅಣೆಕಟ್ಟಿನ ನೀರಿನಡಿ ಇದೆ.

*

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ, ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗುವವರು ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು. ಈ ದಾರಿಗಳಲ್ಲಿ ಒಂದು ಕಾಲಕ್ಕೆ ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಬಂದರಿಗೆ ಇಳಿಯುತ್ತಿತ್ತು. ಹೊರದೇಶದ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕ ಗುಲಾಮಗಿರಿಗಾಗಿ ಹೊಡೆದಾಡಿಕೊಂಡಾಗ ಅಲ್ಲಿಯ ಹತ್ತಿ ನಿಂತುಹೋಯಿತು, ಮ್ಯಾಂಚೆಸ್ಟರಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಹತ್ತಿಯ ಬೆಲೆ ಏರಿತು, ಘಟ್ಟದ ರಸ್ತೆಗಳಿಗೂ ಕಾರವಾರದ ಬಂದರಿಗೂ ಒಮ್ಮೆಲೇ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದ್ದರ ಹಿಂದೆ ಈ ಹತ್ತಿ ವ್ಯಾಪಾರಿಗಳ ಒತ್ತಡವೂ ಇತ್ತು.

ಇನ್ನೂ ಹಿಂದೆ ಹೋದರೆ, 1840ರಲ್ಲಿ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಹಿಂದುಸ್ತಾನಕ್ಕೆ ಕರೆಸಿತ್ತು. ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿದ್ದು ಆ ಪ್ರಯತ್ನದ ಫಲ. ಗುಲಾಮರ ಬೆವರಿನಲ್ಲಿ ಪಳಗಿದ ಬೀಜ ಹೀಗೆ ನಮ್ಮ ರೈತನ ಕೈಗೆ ಬಂತು.

ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಬಂತು, ಇಲ್ಲಿ ಬೆಲೆ ಕುಸಿಯಿತು. ಹತ್ತಿಯ ಹಣ ನಂಬಿದ್ದ ಬೊಂಬಾಯಿಯ ಕಂಪನಿಗಳು ಸಾಲುಸಾಲಾಗಿ ಮುಳುಗಿದವು. ಏರಿದ ಬೆಲೆಯನ್ನು ನೆಚ್ಚಿ ಸಾಲ ಮಾಡಿದ್ದ ರೈತ ಸಾಹುಕಾರನ ಬಾಗಿಲಿಗೆ ಬಂದ. ನಲವತ್ತು ಲಕ್ಷ ಜನರಿಗೆ ಅಲ್ಲಿ ಬಿಡುಗಡೆಯಾದ ವರ್ಷವೇ ಇಲ್ಲಿ ಹತ್ತಿಯ ಸೀಮೆಯಲ್ಲಿ ಸಾಲದ ಕುಣಿಕೆ ಬಿಗಿಯಾಯಿತು. ಆ ಗಾಡಿಗಳು ಹಾದುಹೋದ ಕಾಡಿನಲ್ಲಿ ಸಿದ್ದಿಗಳಿದ್ದರು. ಮಾರುವವನಿಗೂ ಕೊಳ್ಳುವವನಿಗೂ ಅವರು ಯಾರೆಂದು ಕೇಳುವ ಪುರುಸೊತ್ತಿರಲಿಲ್ಲ.

*

ಆ ಯುದ್ಧದ ಅರ್ಥ ಕಂಡವನು ನಮ್ಮ ಬೊಂಬಾಯಿ ಪ್ರಾಂತದಲ್ಲಿ ಒಬ್ಬನಿದ್ದ. ಜೋತಿಬಾ ಫುಲೆ 1873ರಲ್ಲಿ ಗುಲಾಮಗಿರಿ ಎಂಬ ಪುಸ್ತಕ ಬರೆದು, ಕಪ್ಪುಜನರನ್ನು ಬಿಡಿಸಲು ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ. ಪುಣೆಯಲ್ಲಿ ಕುಳಿತವನಿಗೆ ವರ್ಜೀನಿಯದ ಸಂಕೋಲೆಯೂ ತನ್ನೂರಿನ ಸಂಕೋಲೆಯೂ ಒಂದೇ ಕಬ್ಬಿಣದ್ದೆಂದು ತಿಳಿಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಆಗ ಅವನ ಪ್ರಾಂತದಲ್ಲೇ ಇದ್ದವು.

*

ಮದುವೆಗೆಂದು ಮುಂಗಡ, ಆ ಮುಂಗಡಕ್ಕೆ ವರ್ಷದ ದುಡಿಮೆ, ವರ್ಷ ಮುಗಿಯುವಾಗ ಇನ್ನಷ್ಟು ಬಾಕಿ. ಜೀತದ ಲೆಕ್ಕ ಹೀಗೆ ನಡೆಯುತ್ತಿತ್ತು. ಅಪ್ಪ ಸತ್ತರೆ ಮಗ ಬರಬೇಕು. ಗುಲಾಮನನ್ನು ಕೊಳ್ಳಲು ಒಡೆಯ ಹಣ ಕೊಡಬೇಕಿತ್ತು. ಜೀತದಾಳು ತನ್ನನ್ನು ಕಟ್ಟಿಹಾಕಿದ ಹಣಕ್ಕೆ ತಾನೇ ಬಡ್ಡಿ ಕಟ್ಟುತ್ತಿದ್ದ.

*

“ನಮ್ಮನೆ ಆಳು ಮನೆ ಮಗನ ಹಾಗೇ ಇದ್ದ.” ಈ ಮಾತನ್ನು ನಮ್ಮ ಕಡೆಯ ಎಷ್ಟು ಜಗುಲಿಗಳಲ್ಲಿ ಕೇಳಿದ್ದೇನೆ! ಹೇಳುವವರ ಕಣ್ಣಲ್ಲಿ ನೀರೂ ಬರುತ್ತದೆ, ಆ ನೀರು ಸುಳ್ಳಲ್ಲ. ಆದರೆ ಮಗ ಉಣ್ಣುವ ಪಂಕ್ತಿಯಲ್ಲಿ ಅವನು ಉಂಡನೇ? ಪಾಲಾದಾಗ ಅವನಿಗೊಂದು ಪಾಲು ಬಂತೇ? ವರ್ಜೀನಿಯದ ಒಡತಿಯರೂ ತಮ್ಮ ಗುಲಾಮರ ಬಗ್ಗೆ ಇದೇ ಮಾತಾಡುತ್ತಿದ್ದರು, ನಂಬಿಯೇ ಆಡುತ್ತಿದ್ದರು. ಪ್ರೀತಿಯಿದ್ದ ಮನೆಯಲ್ಲಿ ಅನ್ಯಾಯ ಕಾಣಿಸದೆ ಹೋಗುತ್ತದೆ. ಹೊಡೆಯುವ ಒಡೆಯನಿಂದ ಓಡಿಹೋಗಬಹುದು, ಒಳ್ಳೆಯ ಒಡೆಯನಿಂದ ಹೇಗೆ ಓಡುವುದು?

*

ಹಿಂಸೆಯನ್ನು ನಾವು ರಕ್ತ ಕಂಡಾಗ ಮಾತ್ರ ಗುರುತಿಸುತ್ತೇವೆ. ಅಮೆರಿಕದ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಇಷ್ಟು ಸಾವು ಬೇಕಿತ್ತೇ ಎಂದು ಕೇಳುವುದು ನ್ಯಾಯ. ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: 1843ರ ಕಾಯ್ದೆಯಿಂದ 1976ರ ಜೀತ ರದ್ಧತಿ ಕಾಯ್ದೆಯವರೆಗಿನ 133 ವರ್ಷಗಳಲ್ಲಿ ಇಲ್ಲಿ ಎಷ್ಟು ಬದುಕುಗಳು ಸವೆದವು? ಅವರು ಯಾವ ರಣರಂಗದಲ್ಲೂ ಬೀಳಲಿಲ್ಲ. ಆದ್ದರಿಂದ ಯಾರೂ ಎಣಿಸಲಿಲ್ಲ. ನಮ್ಮದು ಶಾಂತಿಯ ನಾಡು ಎಂದು ಹೆಮ್ಮೆಪಡುವಾಗ ಆ ಶಾಂತಿಗೆ ಬೆಲೆ ತೆತ್ತವರು ಯಾರೆಂದು ನೋಡಬೇಕು. ನನಗೆ ಯುದ್ಧ ಬೇಡ. ಯುದ್ಧವಿಲ್ಲದ್ದೆಲ್ಲ ಶಾಂತಿ ಎನ್ನುವುದನ್ನೂ ನಾನು ಒಪ್ಪಲಾರೆ.

*

ಮೂರನೆಯ ದಾರಿಯೂ ಇತ್ತು, ಅದು ನಮ್ಮ ನೆರೆಯಲ್ಲೇ ನಡೆಯಿತು. ಸಿದ್ದಾಪುರಕ್ಕೆ ಹೊಂದಿಕೊಂಡ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು, ಹೆಚ್ಚಾಗಿ ದೀವರ ಸಮುದಾಯದವರು, ಒಡೆಯರ ಗದ್ದೆಗೆ ನೇಗಿಲು ಹೂಡಿ ಇಳಿದು ಜೈಲಿಗೆ ಹೋದರು. ಗೇಣಿ ಅಳೆಯುವ ಕೊಳಗದ ಮೋಸ ಅವರ ಮೊದಲ ತಕರಾರುಗಳಲ್ಲೊಂದು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ಜಿಲ್ಲೆಯಲ್ಲಿ ಅದಕ್ಕೂ ಮೊದಲು ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ್ದರು, ಅದಕ್ಕಾಗಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತ್ತು. ಬಂದೂಕಿಲ್ಲದೆ, ಆದರೆ ಬೇಡುವ ದನಿಯೂ ಇಲ್ಲದೆ ನಡೆದ ಹೋರಾಟ ಇದು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಗೆ ಇಂಥವರೇ ನೆಲ ಹದ ಮಾಡಿದ್ದು. ಬೇಡಿ ಪಡೆದದ್ದನ್ನು ಕೊಟ್ಟವನು ಮತ್ತೆ ಕೇಳಬಹುದು, ಉತ್ತು ಪಡೆದದ್ದನ್ನು ಕೇಳುವುದು ಕಷ್ಟ.

*

ಗೇಣಿದಾರನಿಗೆ ಭೂಮಿ ಬಂತು, ಏಕೆಂದರೆ ಅವನ ಹೆಸರು ಗೇಣಿಯ ಕಾಗದದಲ್ಲೋ ಊರವರ ಸಾಕ್ಷಿಯಲ್ಲೋ ಇತ್ತು. ಜೀತದಾಳಿನ ಹೆಸರು ಸಾಲದ ಪುಸ್ತಕದಲ್ಲಿ ಮಾತ್ರ ಇತ್ತು. ಅದಕ್ಕೆ ಯಾರೂ ಭೂಮಿ ಕೊಡುವುದಿಲ್ಲ.

*

ಯುದ್ಧ ಗೆದ್ದ ಅಮೆರಿಕವೂ ಇದೇ ಹೊಸ್ತಿಲಲ್ಲಿ ಎಡವಿತು. 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಕರಾವಳಿಯ ನೆಲವನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆಗೆ ಮೀರದಂತೆ ಹಂಚಲು ಆಜ್ಞೆ ಹೊರಡಿಸಿದ. ಅದೇ ವರ್ಷ ಹೊಸ ಅಧ್ಯಕ್ಷ ಆಂಡ್ರೂ ಜಾನ್ಸನ್ ಆ ನೆಲವನ್ನು ಹಳೆಯ ಒಡೆಯರಿಗೆ ಹಿಂದಿರುಗಿಸಿದ. ಬಿಡುಗಡೆಯಾದವರು ಪಾಲಿಗೆ ಬೇಸಾಯ ಮಾಡುತ್ತಾ ಮತ್ತೆ ಸಾಲಕ್ಕೆ ಬಿದ್ದರು. ರಕ್ತ ಚೆಲ್ಲಿದವರಿಗೂ ಚೆಲ್ಲದವರಿಗೂ ಕಡೆಗೆ ಉಳಿದ ಪ್ರಶ್ನೆ ಒಂದೇ: ನೆಲ ಯಾರದು?

*

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತಿದೆ. ತೋಟಕ್ಕೆ ಸೊಪ್ಪು, ದರಕು ಬೇಕು, ಅದು ನ್ಯಾಯವೇ. ಹಾಗೆಂದು ತೋಟವಿದ್ದವನಿಗೆ ಕಾಡಿನ ಮೇಲೆ ಹಕ್ಕು ಬಂದ ಹಾಗೆ ಕಾಡಿನಲ್ಲೇ ಬದುಕಿದವನಿಗೆ ಏಕೆ ಬರಲಿಲ್ಲ? ಅವನಿಗೆ ಅತಿಕ್ರಮಣದಾರ ಎಂಬ ಹೆಸರು ಬಂತು. ಓಡಿಬಂದವನಿಗೆ ಪಟ್ಟಾ ಎಲ್ಲಿಂದ ಬರಬೇಕು? ಬಿಡುಗಡೆ ಕೊಟ್ಟ ಕಾಡೇ ಅವನನ್ನು ಆರೋಪಿ ಮಾಡಿತು.

*

ಯಲ್ಲಾಪುರ ತಾಲೂಕಿನ ಮಂಚೀಕೇರಿಯಲ್ಲಿ 1980ರ ದಶಕದಲ್ಲಿ ನೀನಾಸಂ ರಂಗಸಂಸ್ಥೆ ಸಿದ್ದಿಗಳಿಗೆ ರಂಗಶಿಬಿರ ನಡೆಸಿ ನಾಟಕವಾಡಿಸಿತು. ಚಿನುವಾ ಅಚಿಬೆಯ ಕಾದಂಬರಿಯಿಂದ ಬಂದ ನಾಟಕ ಅದು, ಚಿದಂಬರರಾವ್ ಜಂಬೆ ನಿರ್ದೇಶಿಸಿದ್ದು. ಆಫ್ರಿಕದ ಹಳ್ಳಿಯೊಂದು ಬಿಳಿಯರ ಬರವಿನಿಂದ ಮುರಿದುಬೀಳುವ ಕತೆಯನ್ನು ಆಫ್ರಿಕದಿಂದ ಬಂದವರ ಮಕ್ಕಳು ಕನ್ನಡದಲ್ಲಿ ಆಡಿದರು. ಅವರ ಬಗ್ಗೆ ಬೇರೆಯವರು ಬರೆದ ವರದಿಗಳೆಲ್ಲ ಒಂದು ತೂಕ, ಅವರೇ ರಂಗದ ಮೇಲೆ ನಿಂತು ಆಡಿದ ಮಾತು ಇನ್ನೊಂದು ತೂಕ.

*

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಬೆಳಗಾವಿ, ಧಾರವಾಡದ ಸಿದ್ದಿಗಳೂ ಸೇರಿದರು. ಅದೇ ವರ್ಷ ಶಾಂತಾರಾಮ ಬುಡ್ನ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ರಾಜ್ಯದ ಶಾಸನಸಭೆ ಹೊಕ್ಕ ಮೊದಲ ಸಿದ್ದಿ ಅವರು. ಇವು ನಿಜವಾದ ಗೆಲುವುಗಳು. ತಡವಾಗಿ ಬಂದದ್ದರಿಂದ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ, ತಡಮಾಡಿದವರ ಹೊಣೆಯೂ ಕಡಿಮೆಯಾಗುವುದಿಲ್ಲ.

*

2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರನ್ನು ಒಂದು ರೀತಿ ನೋಡುತ್ತದೆ, ಉಳಿದ ಕಾಡುವಾಸಿಗಳಿಂದ 75 ವರ್ಷದ, ಅಂದರೆ ಮೂರು ತಲೆಮಾರಿನ ವಾಸದ ಪುರಾವೆ ಕೇಳುತ್ತದೆ. ಯಾರನ್ನು ಅಕ್ಷರ ಕಲಿಯಲು ಬಿಡಲಿಲ್ಲವೋ ಅವರ ಮಕ್ಕಳಿಂದ ಕಾಗದ ಕೇಳುವುದು ಎಂಥ ನ್ಯಾಯ?

*

ಅಡಿಕೆ ಸೀಮೆಯ ಹಳೆಯ ಮನೆಗಳವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಲೆಕ್ಕದ ಪುಸ್ತಕಗಳಿರಬಹುದು. ಅವುಗಳಲ್ಲಿ ಆಳುಗಳ ಹೆಸರಿರುತ್ತದೆ, ಕೊಟ್ಟ ಮುಂಗಡ, ಅಳೆದ ಭತ್ತ, ಉಳಿದ ಬಾಕಿ ಇರುತ್ತದೆ. ನಾಚಿಕೆಯಾಗುತ್ತದೆಂದು ಅವನ್ನು ಸುಡಬೇಡಿ, ಗೆದ್ದಲಿಗೆ ಬಿಡಬೇಡಿ. ಪ್ರತಿ ತೆಗೆಸಿ ಆ ಆಳುಗಳ ಮೊಮ್ಮಕ್ಕಳಿಗೆ ಕೊಡಿ. ಅವರ ಅಜ್ಜ ಈ ಊರಿನಲ್ಲಿ ಇದ್ದ, ದುಡಿದ ಎನ್ನಲು ಎಷ್ಟೋ ಕುಟುಂಬಗಳಿಗೆ ಬೇರೆ ಕಾಗದವಿಲ್ಲ. ನಾಳೆ ಅರಣ್ಯ ಹಕ್ಕಿನ ಅರ್ಜಿಗೆ ಅದು ಪುರಾವೆಯಾಗಬಹುದು.